ಮೇಷ್ಟ್ರು ಬೂಟು ಕಳಚಿದ್ದು

ನಾನು ನಿಂತಿದ್ದದ್ದು ಹಳ್ಳದ ಈಚೆ ದಡದಲ್ಲಿ, ನೀರಿನ ಕಡೆಗೆ ಬಾಗಿದ ಮತ್ತಿಮರದ ಬುಡದಲ್ಲಿ. ಸಾಗರದಿಂದ ಕೆಳದಿಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಇಳಿಯುವ ಗಾಡಿದಾರಿ ಹಳ್ಳ ಮುಟ್ಟುವ ಜಾಗ ಅದು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಫೆಬ್ರವರಿ ತಿಂಗಳು, ಬೆಳಗಿನ ಹೊತ್ತು. ಇಬ್ಬನಿ ಆರಿತ್ತು, ನೀರಿಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ನನ್ನ ಕಾಲ ಬಳಿ ಒಂದು ಚಪ್ಪಟೆ ಕಲ್ಲು; ಅದರ ಮೇಲೆ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರ ಬೂಟುಗಳು. ಮೇಷ್ಟ್ರು ಆಚೆ ದಡದಲ್ಲಿ, ಒದ್ದೆ ಪಂಚೆಯಲ್ಲಿ, ಬರಿಮೈ ಬರಿಗಾಲಲ್ಲಿ, ಸತ್ತ ಕೋತಿಯೊಂದರ ಪಕ್ಕ ಬಗ್ಗಿದ್ದರು. ನಮ್ಮಿಬ್ಬರ ನಡುವೆ ಎರಡು ಮಾರು ಅಗಲದ ನೀರಿತ್ತು, ಅಷ್ಟೆ. ಮರೆಯಾಗುವಂಥದ್ದು ಏನೂ ಇರಲಿಲ್ಲ.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ಬೆಳಗಿನ ಬಗ್ಗೆ ಎರಡು ಮಾತು ಹುಟ್ಟಿಕೊಂಡು ಹಾಗೆಯೇ ಉಳಿದುಬಿಟ್ಟವು. ವಿಜ್ಞಾನ ಕಲಿಸುವ ಮನುಷ್ಯ ಕೋತಿಯನ್ನು ದೇವರೆಂದು ನಂಬಿ ಬೂಟು ಕಳಚಿದರು, ಮೂಢನಂಬಿಕೆಗೆ ಬಲಿಯಾದರು ಎಂಬುದು ಕಾಲೇಜಿನವರ ಮಾತು. ಮೇಷ್ಟ್ರು ಹನುಮಂತನ ಹೆಣದ ಸುತ್ತ ದಾರ ಕಟ್ಟಿ ತಡೆದರು, ಅದಕ್ಕೇ ಅನುಭವಿಸಿದರು ಎಂಬುದು ಆ ಕಡೆಯ ಹಳ್ಳಿಗಳ ಮಾತು. ನಾನು ನೋಡಿದ್ದು ಈ ಎರಡೂ ಅಲ್ಲ. ನೋಡಿದ್ದನ್ನು ನೋಡಿದ ಕ್ರಮದಲ್ಲೇ ಬರೆಯುತ್ತೇನೆ.

ನಾನಾಗ ಸಾಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನಮ್ಮ ಪಾಠಪಟ್ಟಿಯಲ್ಲಿ ಸಂಶೋಧನೆ ಎಂಬುದಕ್ಕೆ ಜಾಗವೇ ಇರಲಿಲ್ಲ. ಕಪ್ಪೆ ಕುಯ್ಯುವುದು, ಜಿರಳೆಯ ಬಾಯಿಯ ಭಾಗಗಳನ್ನು ಗಾಜಿನ ಮೇಲೆ ಕೂರಿಸುವುದು, ಅಲ್ಲಿಗೆ ಪ್ರಯೋಗ ಮುಗಿಯುತ್ತಿತ್ತು. ಮೇಷ್ಟ್ರು ಮೈಸೂರು ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ. ದೀಪಾವಳಿ ರಜೆ ಮುಗಿದು ತರಗತಿ ಶುರುವಾದಾಗ ಅವರು, ಅಂಕ ಸಿಗದ ಒಂದು ಕೆಲಸ ಇದೆ, ಭಾನುವಾರವೂ ಮಾಡಬೇಕು, ಯಾರು ಬರುತ್ತೀರಿ ಎಂದು ಕೇಳಿದರು. ಹಾಸ್ಟೆಲಿನಲ್ಲಿದ್ದ ನನಗೆ ಭಾನುವಾರ ಕಳೆಯುವುದೇ ಕಷ್ಟ. ಹೊಸನಗರದ ಆಚೆಯ ನಮ್ಮೂರಿಗೆ ಹೋಗಿ ಬರುವುದಕ್ಕೆ ಎರಡು ಬಸ್ಸು ಹಿಡಿಯಬೇಕಿತ್ತು. ಕೈ ಎತ್ತಿದೆ. ಎತ್ತಿದವನು ನಾನೊಬ್ಬನೇ.

ಮಂಗನ ಕಾಯಿಲೆ ನಮ್ಮ ಸೀಮೆಯಲ್ಲಿ ಕಾಣಿಸಿಕೊಂಡು ಆಗಲೇ ಹಲವು ವರ್ಷಗಳಾಗಿದ್ದವು. ಚಳಿ ಇಳಿಯುತ್ತಿದ್ದಂತೆ ಕಾಡಿನಲ್ಲಿ ಕೋತಿಗಳು ಸಾಯತೊಡಗುತ್ತಿದ್ದವು. ಅದರ ಹಿಂದೆಯೇ ಕಾಡಿಗೆ ಹೋಗಿ ಬರುವ ಜನ ಜ್ವರ ಬಂದು ಮಲಗುತ್ತಿದ್ದರು, ಕೆಲವರು ಏಳುತ್ತಿರಲಿಲ್ಲ. ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಉಣುಗು ಕಚ್ಚಿದರೆ ಬರುತ್ತದೆ ಎಂಬುದು ಗೊತ್ತಾಗಿತ್ತು. ಔಷಧಿ ಇರಲಿಲ್ಲ. ಮೇಷ್ಟ್ರ ಪ್ರಶ್ನೆ ಚಿಕ್ಕದು. ಕೋತಿ ಸತ್ತಮೇಲೆ ಅದರ ಮೈಮೇಲಿನ ಉಣುಗುಗಳು ಎಲ್ಲಿಗೆ ಹೋಗುತ್ತವೆ? ಸತ್ತ ಜಾಗದಲ್ಲೇ ಉಳಿಯುತ್ತವೆ ಎಂದಾದರೆ ಎಷ್ಟು ದಿನ ಉಳಿಯುತ್ತವೆ? ಅದೊಂದು ತಿಳಿದರೆ ಜನರಿಗೆ ನೇರವಾದ ಒಂದು ಮಾತು ಹೇಳಬಹುದು, ಇಂಥ ಜಾಗಕ್ಕೆ ಇಂತಿಷ್ಟು ದಿನ ಕಾಲಿಡಬೇಡಿ ಎಂದು. ಅದಕ್ಕಿಂತ ದೊಡ್ಡ ಆಸೆ ಅವರಿಗಿರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಒಂದು ಗಜ ಚೌಕದ ಬಿಳಿ ಫ್ಲಾನೆಲ್ ಬಟ್ಟೆಗೆ ಎರಡು ಕಡೆ ಬಿದಿರಿನ ಕೋಲು ಹೊಲಿದು, ಅದನ್ನು ನೆಲದ ತರಗೆಲೆಯ ಮೇಲೆ ನಿಧಾನವಾಗಿ ಎಳೆಯುತ್ತ ಹೋಗುವುದು. ಹಾದುಹೋಗುವ ಪ್ರಾಣಿಗಾಗಿ ಎಲೆಯ ತುದಿಯಲ್ಲಿ ಕಾದು ಕೂತ ಉಣುಗುಗಳು ಬಟ್ಟೆಯನ್ನೇ ಪ್ರಾಣಿ ಎಂದುಕೊಂಡು ಹತ್ತುತ್ತವೆ. ಸ್ವಲ್ಪ ದೂರ ಎಳೆದು ಬಟ್ಟೆ ತಿರುವಿ ನೋಡಬೇಕು. ಅವು ಎಳ್ಳಿಗಿಂತ ಚಿಕ್ಕವು. ಚಿಮಟದಿಂದ ಎತ್ತಿ ಗಾಜಿನ ಕೊಳವೆಗೆ ಹಾಕಿ, ಒಣಗಿ ಸಾಯದಂತೆ ಒಂದು ಹಸಿರು ಹುಲ್ಲಿನ ಎಳೆ ಇಟ್ಟು, ಹತ್ತಿಯಿಂದ ಬಾಯಿ ಮುಚ್ಚಬೇಕು. ಬಟ್ಟೆ ಒದ್ದೆಯಾದರೆ ಒಂದೂ ಹತ್ತುವುದಿಲ್ಲ, ಆದ್ದರಿಂದ ಇಬ್ಬನಿ ಆರುವ ತನಕ ಕಾಯಬೇಕು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ಮೇಲೆ ಡಿ.ಎಂ.ಪಿ. ಎಂಬ ಎಣ್ಣೆಯಂಥ ದ್ರವ ಸವರಿಕೊಳ್ಳುತ್ತಿದ್ದೆವು. ಉಣುಗು ಅದರ ಹತ್ತಿರ ಬರುವುದಿಲ್ಲ. ಜೇಬಿನಲ್ಲಿದ್ದ ನನ್ನ ಪೆನ್ನಿಗೆ ಅದು ತಾಗಿ ಮುಚ್ಚಳ ಮೆತ್ತಗಾಗಿ ಅಂಟಿಕೊಂಡುಬಿಟ್ಟಿತು. ಮತ್ತೆ ತೆರೆಯಲೇ ಇಲ್ಲ.

ಹಳ್ಳದ ಆಸುಪಾಸಿನಲ್ಲಿ ನಾಲ್ಕು ಕಡೆ ಬಿದಿರಿನ ಗೂಟ ಹೊಡೆದು ಸೆಣಬಿನ ದಾರ ಕಟ್ಟಿ ಚೌಕಗಳನ್ನು ಮಾಡಿದ್ದೆವು. ಪ್ರತಿ ವಾರ ಅವೇ ಚೌಕಗಳ ಮೇಲೆ ಬಟ್ಟೆ ಎಳೆಯುವುದು. ನಾಲ್ಕನೆಯದು ಆಚೆ ದಡದಲ್ಲಿತ್ತು. ಕೊಟ್ಟಿಗೆಗೆ ಹಾಸಲು ಒಣಎಲೆ ಗುಡಿಸಿಕೊಂಡು ಹೋಗಲು ಹೆಂಗಸರು ಬರುತ್ತಿದ್ದ ಕಾಡು ಅದು. ಮೇಷ್ಟ್ರು ಊರ ಗೌಡರ ಮನೆಗೆ ಹೋಗಿ ಕೂತು, ಈ ಬೇಸಿಗೆ ಮುಗಿಯುವ ತನಕ ಯಾರನ್ನೂ ಆ ದಡಕ್ಕೆ ಬಿಡಬೇಡಿ ಎಂದು ಕೇಳಿಕೊಂಡಿದ್ದರು. ಗೌಡರು ಒಪ್ಪಿದ್ದರು. ಗೌಡರ ತಾಯಿ ಒಪ್ಪಿರಲಿಲ್ಲ, ಆದರೆ ತಡೆಯಲೂ ಇಲ್ಲ. ನಾವು ಬಟ್ಟೆ ಎಳೆಯುವುದನ್ನು ಮೊದಲ ಸಲ ನೋಡಿದಾಗ ಆಕೆ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತು, "ಎಂತ ಮೇಷ್ಟ್ರೇ, ಕಾಡು ಒರಸೋಕೆ ಬಂದ್ರಾ? ಹಂಗೇ ನಮ್ಮನೆ ಜಗಲಿನೂ ಒಂದ್ಸಲ ಒರ್ಸಿಕೊಟ್ಟು ಹೋಗಿ" ಅಂದಿದ್ದರು. ಅವತ್ತಿನಿಂದ ಆ ಊರಿನಲ್ಲಿ ಅವರು ಕಾಡು ಒರಸೋ ಮೇಷ್ಟ್ರು ಆದರು. ಅವರಿಗೆ ಆ ಹೆಸರು ಇಷ್ಟವಾಗಿತ್ತು. ನಮ್ಮ ಕೊಳವೆಗಳ ಪೆಟ್ಟಿಗೆಯ ಮೇಲೆ ತಾವೇ ಹಾಗೆಂದು ಬರೆದರು.

ಮೂರು ತಿಂಗಳು ಹೀಗೇ ಹೋಯಿತು. ನಮ್ಮ ಚೌಕಗಳಲ್ಲಿ ಉಣುಗು ಸಿಗುತ್ತಿದ್ದವು, ಆದರೆ ಅದಷ್ಟರಿಂದ ಉತ್ತರವಿಲ್ಲ. ಮೊದಲೇ ಎಣಿಸಿಟ್ಟ ಜಾಗದಲ್ಲಿ ಒಂದು ಕೋತಿ ಸಾಯಬೇಕು. ಸತ್ತಮೇಲೆ ಮತ್ತೆ ಎಣಿಸಬೇಕು. ಆಗ ಮಾತ್ರ ಹೋಲಿಸಲು ಆಗುತ್ತದೆ. ಬೇರೆ ಕಡೆ ಕೋತಿಗಳು ಸಾಯುತ್ತಲೇ ಇದ್ದವು, ಸುದ್ದಿ ಬರುತ್ತಲೇ ಇತ್ತು. ನಮ್ಮ ಚೌಕದಲ್ಲಿ ಒಂದೂ ಬೀಳಲಿಲ್ಲ. ಒಂದು ಸಾವಿಗಾಗಿ ಕಾಯುವ ಕೆಲಸ ಇದು ಎಂದು ಒಮ್ಮೆ ಅವರು ಬಸ್ಸಿಗೆ ಕಾಯುವಾಗ ತಮ್ಮಷ್ಟಕ್ಕೇ ಹೇಳಿಕೊಂಡಂತೆ ಹೇಳಿದರು.

ಫೆಬ್ರವರಿಯ ಆ ಶನಿವಾರ ಸಂಜೆ ನಾಲ್ಕನೆಯ ಚೌಕದೊಳಗೆ ಒಂದು ಮುಸಿಯ ಬಿದ್ದಿತ್ತು. ಕಪ್ಪು ಮುಖದ, ಉದ್ದ ಬಾಲದ ದೊಡ್ಡ ಕೋತಿ. ಇನ್ನೂ ಉಸಿರಿತ್ತು. ಮೇಷ್ಟ್ರು ದೂರದಿಂದಲೇ ನೋಡಿದರು. ಇದ್ದ ದಾರದ ಸುತ್ತ ಇನ್ನೊಂದು ದಾರ ಕಟ್ಟಿದೆವು. ಆರೋಗ್ಯ ಇಲಾಖೆಯವರು ಇಂಥ ಕೋತಿಗಳನ್ನು ಪರೀಕ್ಷೆಗೆ ಒಯ್ಯುತ್ತಿದ್ದರು, ಅವರಿಗೆ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಚೀಟಿ ಕಳಿಸಿದೆವು. ಆ ರಾತ್ರಿ ಗೌಡರ ಜಗಲಿಯಲ್ಲಿ ಮಲಗಿದೆವು. ಮೇಷ್ಟ್ರ ಮುಖದಲ್ಲಿ ಸಂತೋಷವಿತ್ತು ಎಂದು ಬರೆಯುವುದು ನನಗೆ ಕಷ್ಟ. ಆದರೆ ಇತ್ತು.

ಬೆಳಿಗ್ಗೆ ನಾವು ಹಳ್ಳಕ್ಕೆ ಬಂದಾಗ ಕೋತಿ ಸತ್ತಿತ್ತು. ನಮ್ಮ ಹಿಂದೆಯೇ ಊರಿನವರು ಬಂದರು. ಗೌಡರು, ಹಾರೆ ಗುದ್ದಲಿ ಹಿಡಿದ ಮೂವರು ಗಂಡಸರು, ಗೌಡರ ತಾಯಿ, ನೀರಿನ ಚೆಂಬು ಹಿಡಿದಿದ್ದ ಗೌಡರ ಸೊಸೆ. ಸೊಸೆ ಮದುವೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಗಂಡಸರೆಲ್ಲ ಬರಿಮೈಯಲ್ಲಿ, ಬರಿಗಾಲಲ್ಲಿದ್ದರು. ನಮ್ಮ ಕಡೆ ಊರ ಸರಹದ್ದಿನಲ್ಲಿ ಕೋತಿ ಸತ್ತರೆ ಅದನ್ನು ಹಾಗೇ ಬಿಡುವುದಿಲ್ಲ. ಮನುಷ್ಯರಿಗೆ ಮಾಡುವಂತೆಯೇ ಮೀಯಿಸಿ, ಹೊಸ ಬಟ್ಟೆ ಹೊದಿಸಿ, ಹೊತ್ತುಕೊಂಡು ಹೋಗಿ ಮಣ್ಣು ಮಾಡುತ್ತಾರೆ. ಹೊರುವವರು ಮಿಂದು, ಒದ್ದೆ ಬಟ್ಟೆಯಲ್ಲಿ, ಬರಿಗಾಲಲ್ಲಿ ಇರಬೇಕು. ನಮ್ಮೂರಿನಲ್ಲೂ ಹಾಗೆಯೇ. ನನಗೆ ಅದರಲ್ಲಿ ವಿಚಿತ್ರವೆನಿಸಲಿಲ್ಲ. ಮೇಷ್ಟ್ರ ಮುಖ ನೋಡಿದಮೇಲೆ ಅದರ ಅರ್ಥ ಹೊಳೆಯಿತು. ನಾಲ್ಕು ಜನ ಗಂಡಸರು ಬರಿಗಾಲಲ್ಲಿ ಆ ಚೌಕದೊಳಗೆ ಇಳಿಯುತ್ತಾರೆ, ಆ ಕೋತಿಯನ್ನು ಬರಿಮೈಗೆ ಒತ್ತಿಕೊಂಡು ಹೊರುತ್ತಾರೆ.

ಮೇಷ್ಟ್ರು ಮೊದಲು ಗೌಡರಿಗೆ ಹೇಳಿದರು. ಮಧ್ಯಾಹ್ನದೊಳಗೆ ಜೀಪು ಬರುತ್ತದೆ, ಅವರಿಗೆ ಕೈಗವಸು, ಬೂಟು ಎಲ್ಲ ಇರುತ್ತದೆ, ಅವರೇ ಒಯ್ಯಲಿ ಎಂದರು. ಜೀಪಿನವರು ಒಯ್ದು ಎಂತ ಮಾಡುತ್ತಾರೆ ಎಂದು ಗೌಡರು ಕೇಳಿದರು. ಮೇಷ್ಟ್ರು ಸುಳ್ಳು ಹೇಳಲಿಲ್ಲ. ಕುಯ್ದು ನೋಡುತ್ತಾರೆ ಎಂದರು. ಅಲ್ಲಿಗೆ ಗೌಡರ ತಾಯಿ ಮಾತಿಗೆ ಬಂದರು.

"ದೇವ್ರನ್ನ ದಾರ ಕಟ್ಟಿ ರಾತ್ರಿಯೆಲ್ಲಾ ಚಳೀಲಿ ಮಲಗ್ಸಿದ್ರಿ. ಈಗ ಕುಯ್ಯೋಕೆ ಕೊಡ್ತೀರಾ? ನಿಮ್ಮನೆ ಹೆಣ ಆಗಿದ್ರೆ ಕೊಡ್ತಿದ್ರಾ?"

ಮೇಷ್ಟ್ರು, ಹಾಗಾದರೆ ಜೀಪಿನವರಿಗೆ ಕೊಡುವುದಿಲ್ಲ, ಇಲ್ಲೇ ಮಣ್ಣು ಮಾಡೋಣ, ಆದರೆ ಎತ್ತಿ ತರುವವನು ನಾನೊಬ್ಬನೇ ಎಂದರು. ಅಂದರೆ ನಮ್ಮ ಹೋಲಿಕೆಯ ಅರ್ಧ ಅಲ್ಲೇ ಕೆಟ್ಟಿತು. ಪರೀಕ್ಷೆಗೆ ಹೋಗದಿದ್ದರೆ ಆ ಕೋತಿ ಯಾವ ಕಾಯಿಲೆಯಿಂದ ಸತ್ತಿತು ಎಂದು ಯಾರೂ ಖಚಿತವಾಗಿ ಹೇಳಲಾರರು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಗೌಡರು ತಾಯಿಯ ಮುಖ ನೋಡಿದರು. ಆಕೆ ಮೇಷ್ಟ್ರ ಕಾಲು ನೋಡಿದರು.

"ಚರ್ಮದ ಬೂಟು ಹಾಕ್ಕಂಡು ಮುಟ್ತೀರಾ?"

ಬೂಟು ಬೇಡವೆಂದರೆ ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತೇನೆ ಎಂದರು ಮೇಷ್ಟ್ರು. ಬರಿಗಾಲೇ ಆಗಬೇಕು. ಸರಿ, ಕಾಲಿಗೆ ಈ ಎಣ್ಣೆಯನ್ನಾದರೂ ಹಚ್ಚಿಕೊಳ್ಳುತ್ತೇನೆ. ಹೆಣ ಹೊರುವವರು ಎಣ್ಣೆ ಮುಟ್ಟುವುದುಂಟೇ? ಮಿಂದೇ ಹೋಗಬೇಕು. ಹೀಗೆ ಒಂದೊಂದಾಗಿ ಕೇಳಿದರು, ಒಂದೊಂದಕ್ಕೂ ಇಲ್ಲ ಎಂಬ ಉತ್ತರ ಬಂತು. ಯಾರೂ ದನಿ ಎತ್ತಲಿಲ್ಲ. ಮದುವೆ ಮನೆಯಲ್ಲಿ ಯಾರು ಯಾವುದು ತರುವುದು ಎಂದು ಮಾತಾಡಿಕೊಳ್ಳುವಂತೆ ಆ ಮಾತು ನಡೆಯಿತು.

ಕೊನೆಗೆ ಗೌಡರ ತಾಯಿಗೆ ಸಾಕಾಯಿತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಬರ್ರೋ, ಹೊತ್ತು ಏರ್ತು" ಎಂದು ಮಕ್ಕಳನ್ನು ಕರೆಯುವಂತೆ ಗಂಡಸರನ್ನು ಕರೆದು, ನೀರಿಗೆ ಕಾಲಿಟ್ಟರು. ಹಾರೆ ಹಿಡಿದವರು ಆಕೆಯ ಹಿಂದೆ ಹೆಜ್ಜೆ ಹಾಕಿದರು.

ಆಗ ಮೇಷ್ಟ್ರು ಹೇಳಿದ ಮಾತು ಇದು: "ನಿಲ್ಲಿ ಅಮ್ಮ. ನೀವು ಹೇಳಿದ ಹಾಗೇ ಹೋಗ್ತೀನಿ. ನೀವ್ಯಾರೂ ನೀರು ದಾಟಬಾರದು, ಅಷ್ಟೇ. ಹೊತ್ತು ತರೋನು ನಾನು, ಗುಂಡಿ ಈ ದಡದಲ್ಲಿ."

ಆಕೆ ನೀರಿನಲ್ಲಿ ನಿಂತು ಯೋಚಿಸಿದರು. "ನೀವು ಮಡಿ ಮಾಡ್ತೀರಿ ಅಂದ್ರೆ ನಂಗೆಂತ ಆಗ್ಬೇಕು" ಎಂದು ಹಿಂದಕ್ಕೆ ಬಂದರು.

ಮೇಷ್ಟ್ರು ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದರು. ಕಾಲುಚೀಲ ಮಡಚಿ ಬೂಟಿನೊಳಗೆ ಇಟ್ಟರು. ಗೌಡರು ತಮ್ಮ ಹೆಗಲ ಮೇಲಿದ್ದ ಪಂಚೆ ಕೊಟ್ಟರು. ಅದನ್ನು ಉಟ್ಟು ಮೇಷ್ಟ್ರು ಹಳ್ಳದಲ್ಲಿ ಮುಳುಗಿ ಎದ್ದರು. ಸೊಸೆ ಚೆಂಬಿನ ನೀರನ್ನು ಅವರ ಪಾದದ ಮೇಲೆ ಹೊಯ್ದಳು. ಅದೂ ಒಂದು ಕ್ರಮ. ಮೇಷ್ಟ್ರು ನನ್ನನ್ನು ಕರೆದು, "ನೀನು ಇಲ್ಲೇ ನಿಂತಿರಬೇಕು ಕಣಯ್ಯಾ. ಯಾರಾದ್ರೂ ದಾಟೋಕೆ ಬಂದ್ರೆ ತಡಿ. ನೀನೂ ದಾಟ್ಬೇಡ" ಎಂದರು. ನಾನು ನಿಂತೆ. ಅವರು ದಾಟಿದರು, ದಾರದೊಳಗೆ ಕಾಲಿಟ್ಟರು, ಬಗ್ಗಿದರು. ಕೋತಿ ಸೆಟೆದಿತ್ತು. ಎರಡು ಸಲ ಹಿಡಿತ ತಪ್ಪಿತು. ಮೂರನೆಯ ಸಲ ಮಗುವನ್ನು ಎತ್ತುವಂತೆ ಎದೆಗೆ ಒತ್ತಿಕೊಂಡು ಎತ್ತಿದರು. ಹಾಗೆ ಎತ್ತದೆ ಬೇರೆ ದಾರಿ ಇರಲಿಲ್ಲ, ಅಷ್ಟು ಭಾರ.

ಮೀಯಿಸಿ, ಬಟ್ಟೆ ಹೊದಿಸಿ, ಗುಂಡಿಗೆ ಇಳಿಸಿದ್ದೂ ಅವರೇ. ಮಣ್ಣು ಮಾಡಿದ್ದಾಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಆಮೇಲೆ ಮೇಷ್ಟ್ರು ಮತ್ತೆ ಹಳ್ಳದಲ್ಲಿ ಉಜ್ಜಿ ಉಜ್ಜಿ ಮಿಂದು, ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ನಾನು ಚಿಮಟ ಹಿಡಿದು ಅವರ ಬೆನ್ನು, ಕಂಕುಳು, ಮೊಣಕಾಲಿನ ಸಂದು ನೋಡಿದೆ. ಸಿಕ್ಕಿದ್ದನ್ನೆಲ್ಲ ಕೊಳವೆಗೆ ಹಾಕಿದೆ. ಪ್ರತಿ ಕೊಳವೆಯೊಳಗೂ ಯಾವ ಪ್ರಾಣಿಯಿಂದ ತೆಗೆದದ್ದು ಎಂದು ಚೀಟಿ ಬರೆದು ಇಡಬೇಕು. ಏನು ಬರೆಯಲಿ ಸಾರ್ ಎಂದೆ. "ಮನುಷ್ಯ, ಗಂಡು, ಉಪನ್ಯಾಸಕ ಅಂತ ಬರಿ" ಎಂದರು. ಇಬ್ಬರೂ ನಕ್ಕೆವು. ಜೀಪು ಮಧ್ಯಾಹ್ನ ಬಂತು. ಹೂತಾಗಿದೆ ಎಂದು ಮೇಷ್ಟ್ರು ಹೇಳಿದರು. ಎಲ್ಲಿ ಎಂದು ತೋರಿಸಲಿಲ್ಲ.

ವಾರ ಕಳೆಯಿತು. ಪಾಠ ಮಾಡುತ್ತಿದ್ದ ಮೇಷ್ಟ್ರು ಹಣೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತರು. ಸಂಜೆಗೆ ಜ್ವರ. ಸಾಗರದ ಆಸ್ಪತ್ರೆಗೆ ಸೇರಿಸಿದೆವು. ಕಣ್ಣು ಕೆಂಪಾಗಿ, ಮೈಕೈ ಮುಟ್ಟಿದರೆ ನೋಯುತ್ತಿತ್ತು. ಒಸಡಿನಲ್ಲಿ ರಕ್ತ ಕಾಣಿಸಿತು. ಮಾಡುವಂಥದ್ದೇನೂ ಇರಲಿಲ್ಲ. ನೀರು ಕುಡಿಸುವುದು, ಒದ್ದೆ ಬಟ್ಟೆ ಹಾಕುವುದು, ಕಾಯುವುದು. ನಾನು ಕಾಲೇಜು ಮುಗಿಸಿ ಅಲ್ಲಿಗೆ ಹೋಗಿ ಕೂರುತ್ತಿದ್ದೆ.

ಆಮೇಲೆ ಜ್ವರ ಬಿಟ್ಟಿತು. ಈ ಕಾಯಿಲೆಯಲ್ಲಿ ಹಾಗೆ ಬಿಡುತ್ತದೆ, ಕೆಲವರಿಗೆ ಮರಳಿ ಬರುತ್ತದೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಆದರೆ ಮೇಷ್ಟ್ರು ಎದ್ದು ಕೂತು ಗಂಜಿ ಕುಡಿದದ್ದನ್ನು ನೋಡಿ ನಾನು ಆ ಮಾತನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕೂತವರು ಮೊದಲು ಕೇಳಿದ್ದು ನಾಲ್ಕನೆಯ ಚೌಕದ ವಿಷಯ. ಕೋತಿ ಯಾವುದರಿಂದ ಸತ್ತಿತು ಎಂಬುದು ಹೋಗಲಿ, ಅದರ ಮೈಯಿಂದ ಇಳಿದ ಉಣುಗುಗಳು ಇನ್ನೂ ಅಲ್ಲೇ ಇವೆಯೋ ಇಲ್ಲವೋ ನೋಡಬಹುದಲ್ಲ. ಪೂರ್ತಿ ಅಲ್ಲದಿದ್ದರೂ ಅರ್ಧ ಉತ್ತರವಾದೀತು. ಹೋಗಿ ಬಟ್ಟೆ ಎಳೆದು ಬಾ ಎಂದರು.

ಭಾನುವಾರ ಹೋದೆ. ಇಬ್ಬನಿ ಆರುವ ತನಕ ಕಾದು, ಕಾಲುಚೀಲಕ್ಕೆ ಎಣ್ಣೆ ಸವರಿ, ಹಳ್ಳ ದಾಟಿದೆ. ಗೂಟಗಳಿರಲಿಲ್ಲ. ದಾರವನ್ನು ಸುತ್ತಿ ಒಂದು ಗೂಟಕ್ಕೆ ಅಚ್ಚುಕಟ್ಟಾಗಿ ಕಟ್ಟಿ ಬದಿಗಿಟ್ಟಿದ್ದರು. ಚೌಕದ ನೆಲ ಅಂಗಳದ ಹಾಗೆ ಚೊಕ್ಕಟವಾಗಿತ್ತು. ಒಂದು ತರಗೆಲೆ ಇರಲಿಲ್ಲ. ಕೋತಿ ಬಿದ್ದಿದ್ದ ಜಾಗದಲ್ಲಿ ಒಂದು ಕಲ್ಲು ನೆಟ್ಟು, ಸೆಗಣಿ ಸಾರಿಸಿ, ಹಣತೆ ಹಚ್ಚಿದ್ದರು. ಎಣ್ಣೆ ಆರಿ ಬತ್ತಿ ಕರಿಯಾಗಿತ್ತು. ದಾಸವಾಳದ ಹೂ ಬಾಡಿತ್ತು. ನಾನು ಬಟ್ಟೆ ಎಳೆದೆ. ತಿರುವಿ ನೋಡಿದೆ. ಮತ್ತೆ ಎಳೆದೆ. ಬಿಳಿ ಬಟ್ಟೆ ಬಿಳಿಯಾಗಿಯೇ ಇತ್ತು.

ಈಚೆ ದಡಕ್ಕೆ ಬಂದಾಗ ಗೌಡರ ಸೊಸೆ ನೀರಿಗೆ ಬಂದಿದ್ದಳು. ಯಾರು ಗುಡಿಸಿದ್ದು ಎಂದು ಕೇಳಿದೆ. "ಅಜ್ಜಿ, ಮಾವ, ಮತ್ತೆ ಅವತ್ತು ಬಂದಿದ್ರಲ ಅವ್ರೆಲ್ಲ. ಮೇಷ್ಟ್ರಿಗೆ ಹುಷಾರಿಲ್ಲ ಅಂತ ಸುದ್ದಿ ಬಂತಲ, ಹರಕೆ ಹೊತ್ರು. ದೇವ್ರು ಪ್ರಾಣ ಬಿಟ್ಟ ಜಾಗ, ಅಲ್ಲೇ ಬೇಡ್ಕಂಡ್ರೆ ಕೇಳ್ತಾನೆ ಅಂತ" ಎಂದಳು. ಬರಿಗೈಯಲ್ಲಿ ಎಲೆ ಬಾಚಿದರಂತೆ; ಪೊರಕೆ ತಾಗಿಸಬಾರದಂತೆ. ಆಕೆಯನ್ನು ಅವತ್ತು ಕರೆದುಕೊಂಡು ಹೋಗಿರಲಿಲ್ಲ, ಬಸುರಿ ಎಂದು. ಅಜ್ಜಿ ಈಗ ಹೇಗಿದ್ದಾರೆ ಎಂದೆ. ನಿನ್ನೆಯಿಂದ ತಲೆನೋವು ಅಂತ ಮಲಗಿದ್ದಾರೆ ಎಂದಳು.

ಉಣುಗುಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತ್ತು.

ಆಸ್ಪತ್ರೆಗೆ ಹೋದಾಗ ಮೇಷ್ಟ್ರು ದಿಂಬಿಗೆ ಒರಗಿ ಕೂತಿದ್ದರು. ಎಷ್ಟು ಸಿಕ್ಕಿತು ಎಂದರು. ಒಂದೂ ಇಲ್ಲ ಸಾರ್, ಜಾಗ ಗುಡಿಸಿದ್ದಾರೆ ಎಂದೆ. ದಾಟಬೇಡಿ ಅಂದಿದ್ದೆನಲ್ಲ, ಯಾಕೆ ಗುಡಿಸಿದರು ಎಂದು ಕೇಳಿದರು. ನಾನು ನೀರಿನ ಲೋಟ ಎತ್ತಿಕೊಟ್ಟೆ. ಅವರು ಮತ್ತೆ ಕೇಳಿದರು. ತಪ್ಪಿಸಲು ಆಗಲಿಲ್ಲ.

"ನಿಮಗೆ ವಾಸಿಯಾಗ್ಲಿ ಅಂತ ಸಾರ್."

ಅವರು, ಎಷ್ಟು ಜನ ಹೋಗಿದ್ದರು ಎಂದು ಕೇಳಿದರು. ಹೇಳಿದೆ. ಗೋಡೆಯ ಕಡೆಗೆ ತಿರುಗಿ ಮಲಗಿದರು. ಅವರು ನನ್ನ ಜೊತೆ ಆಡಿದ ಕೊನೆಯ ಸ್ಪಷ್ಟ ಮಾತು ಅದೇ. ಆ ವಾರದಲ್ಲಿ ಜ್ವರ ಮರಳಿತು. ಈ ಸಲ ಕತ್ತು ಸೆಟೆಯಿತು, ಕೈ ನಡುಗಿತು, ಮಾತು ತಪ್ಪಿತು. ಮೈಸೂರಿನಿಂದ ಅವರ ಅಣ್ಣ ಬಂದರು. ಅಣ್ಣ ಬಂದ ಮಾರನೆಯ ದಿನ ಮೇಷ್ಟ್ರು ತೀರಿಕೊಂಡರು. ಅದೇ ತಿಂಗಳಲ್ಲಿ ಗೌಡರ ತಾಯಿಯೂ ತೀರಿಕೊಂಡರು. ಗೌಡರು ಮಲಗಿ ಎದ್ದರು. ಹಾರೆ ಹಿಡಿದಿದ್ದವರಲ್ಲಿ ಒಬ್ಬ ಏಳಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಅಣ್ಣ ನನ್ನನ್ನು ಕೇಳಿದರು, ತಮ್ಮ ಅವತ್ತು ಬೂಟು ಹಾಕಿರಲಿಲ್ಲವಂತೆ, ನಿಜವೇ ಎಂದು. ನಿಜ ಎಂದೆ. ಯಾಕೆ ಎಂಬುದನ್ನೂ ಇಲ್ಲಿ ಬರೆದಂತೆಯೇ, ಒಂದೂ ಬಿಡದೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಆದ್ರೂ ಹಾಕ್ಕೋಬಹುದಿತ್ತು" ಎಂದರು. ಮೇಷ್ಟ್ರು ಅವತ್ತು ಕಾಪಾಡಿದವರೇ ಅವರನ್ನು ಕಾಪಾಡಲು ಹೋಗಿ ಕಾಯಿಲೆ ತಂದುಕೊಂಡರು. ಹಾಗಿರುವಾಗ ಆ ಬೂಟು ಕಳಚಿದ್ದರಿಂದ ಯಾರಿಗೆ ಏನು ಒಳಿತಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ ಎಂದೇ ಹೇಳಬೇಕಾಗುತ್ತದೆ.

ನಮ್ಮ ಕೊಳವೆಗಳ ಪೆಟ್ಟಿಗೆಯನ್ನು ಕಾಲೇಜಿಗೆ ಒಪ್ಪಿಸಿದೆ. ಹತ್ತಿ ಒಣಗಿ, ಹುಲ್ಲು ಒಣಗಿ, ಒಳಗಿದ್ದವು ಪುಡಿಯಾಗಿದ್ದವು. ನಾನು ಆಮೇಲೆ ಪ್ರಾಣಿಶಾಸ್ತ್ರ ಓದಲಿಲ್ಲ.

ಆ ಬೆಳಿಗ್ಗೆ ಹಳ್ಳದ ಈಚೆ ದಡದಲ್ಲಿ ನಿಂತು ನೋಡಿದವರಲ್ಲಿ ನನ್ನನ್ನು ಬಿಟ್ಟರೆ ಈಗ ಇಬ್ಬರು ಉಳಿದಿದ್ದಾರೆ. ಹಾರೆ ಹಿಡಿದಿದ್ದ ಮೂವರಲ್ಲಿ ಕಿರಿಯವನು. ಹೊಸನಗರದಲ್ಲಿ ಮಗನ ಜೊತೆ ಇದ್ದಾನೆ, ಕಿವಿ ಕೇಳುವುದಿಲ್ಲ, ನೆನಪು ಚೆನ್ನಾಗಿದೆ. ಇನ್ನೊಬ್ಬರು ಗೌಡರ ಸೊಸೆ. ತೀರ್ಥಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಆ ಬೇಸಿಗೆಯಲ್ಲಿ ಹೊಟ್ಟೆಯಲ್ಲಿದ್ದ ಮಗಳು. ಮೇಷ್ಟ್ರು ಹಳ್ಳ ದಾಟುವ ಮುಂಚೆ ಅವರ ಪಾದದ ಮೇಲೆ ನೀರು ಹೊಯ್ದದ್ದು ಆಕೆ. ನನ್ನ ಮಾತು ಸಾಲದು ಎನ್ನುವವರು, ಮೇಷ್ಟ್ರು ಯಾಕೆ ದಾಟಿದರು ಎಂದು ಆಕೆಯನ್ನು ಕೇಳಬಹುದು.